ಒಂದು ಪಾತ್ರೆ ಗಂಬೋ

ಅವರು ತೀರಿಕೊಂಡ ಸುದ್ದಿ ನಮ್ಮ ಶುಕ್ರವಾರದ ಊಟದ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಹತ್ತಕ್ಕೆ ಬಂತು. ಹನ್ನೊಂದರ ಹೊತ್ತಿಗೆ ಮುಗಿದ ಕೈಗಳ ಸಾಲು ನಿಂತಿತ್ತು. ಆಮೇಲೆ ಯಾರೋ ಒಬ್ಬರು "ಅವರ ಕೈರುಚಿ ಮರೆಯುವಂತಿಲ್ಲ" ಎಂದು ಹಾಕಿದರು. ಹಾಕಿದ್ದೇ ತಡ, ಉಳಿದವರೂ ಕುರಿಮಂದೆಯ ಹಾಗೆ ಅದನ್ನೇ ಹಾಕಿದರು. ಒಬ್ಬರಂತೂ ಪಕ್ಕದಲ್ಲಿ ಹಬೆಯಾಡುವ ಪಾತ್ರೆಯ ಚಿತ್ರ ಬೇರೆ ಅಂಟಿಸಿದ್ದರು. ಸುಳ್ಳು ಹೇಳುವುದಕ್ಕೂ ಒಂದು ಮಾನ ಮರ್ಯಾದೆ ಬೇಡವೇ? ಆ ಪಾತ್ರೆ ಕಂಡರೆ ಮುಖ ಕಿವುಚಿ ಬಾಲ್ಕನಿಗೆ ಗಾಳಿ ತೆಗೆದುಕೊಳ್ಳಲು ಹೋಗುತ್ತಿದ್ದವರು ಇವರೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನೀವೂ ನಮ್ಮವರ ಹಾಗೆಯೇ ಹೆಸರಿನ ಬಾಲ ಹಿಡಿದು ಅದು ಯಾವ ಕೇರಿಗೆ ಹೋಗಿ ಮುಟ್ಟುತ್ತದೆ ಎಂದು ನೋಡುತ್ತೀರಿ. ಆ ಹೆಸರಿಗೆ ಬಾಲವೂ ಇರಲಿಲ್ಲ. ಎರಡು ಇನಿಷಿಯಲ್ಲು, ಒಂದು ದೇವರ ಹೆಸರು, ಮುಗಿಯಿತು. ಅದರಿಂದ ಏನೂ ಗೊತ್ತಾಗದೆ ನಮ್ಮ ಗುಂಪಿನ ಹಿರಿಯರಾದ ಬ್ಯಾಂಕ್ ರಾಯರು ಮೂರು ವರ್ಷ ಒದ್ದಾಡಿದರು. "ನಿಮ್ಮ ಮನೆದೇವರು ಯಾವುದು ಸಾರ್?" ಎಂದು ಒಮ್ಮೆ ಕೇಳಿದರು. ಇವರು ತಟ್ಟೆಯಿಂದ ತಲೆ ಎತ್ತದೆ, "ಸಿತ್ರಾ ಕಂಪನಿ ಬಸ್ಸು. ಬೆಳಿಗ್ಗೆ ಐದೂವರೆಗೆ ತಪ್ಪದೆ ದರ್ಶನ ಕೊಡುತ್ತೆ" ಎಂದರು. ರಾಯರು ಆಮೇಲೆ ಕೇಳಲಿಲ್ಲ. ಅನುಮಾನ ಮಾತ್ರ ಬಿಡಲಿಲ್ಲ.

ಬಹ್ರೇನಿನ ಬುಸೈತೀನಿನಲ್ಲಿ ನಾವಿದ್ದ ಕಟ್ಟಡದಲ್ಲಿ ಆರು ಕನ್ನಡದ ಸಂಸಾರಗಳಿದ್ದವು. ಇವರು ಮೊದಲ ಮಹಡಿಯಲ್ಲಿ ಒಬ್ಬರೇ. ಹೆಂಡತಿ ತುಮಕೂರಿನಲ್ಲಿ ಸರ್ಕಾರಿ ಶಾಲೆಯ ಟೀಚರು. ಪೆನ್ಷನ್ನು ಬಿಟ್ಟು ಮರಳು ಎಣಿಸಲು ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದರಂತೆ. ಇವರು ಸಿತ್ರಾದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ನನ್ನ ಗಂಡನೂ ಅದೇ ಕಾರ್ಖಾನೆ, ಅದೇ ಬಸ್ಸು. ಬಸ್ಸಿನಲ್ಲಿ ಇವರ ಪಕ್ಕದ ಸೀಟು ಸದಾ ಖಾಲಿಯಂತೆ. ಕೂತವರ ಟೈ, ಇಂಗ್ಲಿಷು, ಡಬ್ಬಿಯ ಉಪ್ಪಿಟ್ಟು, ಮಗನ ಮಾರ್ಕ್ಸು, ಒಂದನ್ನೂ ಬಿಡದೆ ಹೀಗಳೆಯುತ್ತಿದ್ದರು. ಯಾರ ಸಾಂಬಾರನ್ನು ತಿಂದರೂ "ಪಾತ್ರೆ ಚೆನ್ನಾಗಿ ತೊಳೆದಿದ್ದೀರಿ, ಆ ನೀರನ್ನ ಚೆಲ್ಲೋದು ಮರೆತಿದ್ದೀರಿ" ಎನ್ನುವರು. ನನ್ನ ಪುಳಿಯೋಗರೆಯನ್ನು ಒಂದು ತುತ್ತು ತಿಂದು, "ಮೇಡಂ, ಇದರಲ್ಲಿ ಅನ್ನ ಯಾವಾಗ ಹಾಕ್ತೀರ?" ಎಂದು ಹತ್ತು ಜನರೆದುರು ಕೇಳಿದ್ದರು. ನಮ್ಮ ಮನೆತನದ ಪುಳಿಯೋಗರೆ ಅದು. ಅವತ್ತಿನ ಉರಿ ಇವತ್ತಿಗೂ ಪೂರ್ತಿ ಆರಿಲ್ಲ.

ಇಂಥ ಮನುಷ್ಯ ಸ್ವತಃ ಮಾಡುತ್ತಿದ್ದದ್ದು ಒಂದೇ ಅಡುಗೆ. ಅದರ ಹೆಸರು ಗಂಬೋ.

ಕಂಪನಿ ಅವರನ್ನು ಆರು ತಿಂಗಳು ಅಮೆರಿಕದ ಲೂಸಿಯಾನಾಕ್ಕೆ ತರಬೇತಿಗೆ ಕಳಿಸಿತ್ತು. ಬೇರೆಯವರು ಅಲ್ಲಿಂದ ಚಾಕಲೇಟು, ಶೂ, ಕ್ಯಾಮೆರಾ ತಂದರು. ಇವರು ಒಂದು ಎರಕದ ಕಬ್ಬಿಣದ ಪಾತ್ರೆ ಹೊತ್ತು ತಂದರು. ಗಂಬೋ ಎಂದರೆ ಅಲ್ಲಿಯವರ ಒಂದು ದಪ್ಪ ಸಾರು: ಬೆಂಡೆಕಾಯಿ, ಕೋಳಿ, ಸಿಗಡಿ, ಹಂದಿಯ ಸಾಸೇಜು, ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿ ಅನ್ನದ ಮೇಲೆ ಹುಯ್ಯುವುದು. ಅಲ್ಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮ್ಯಾನೇಜರನೂ ಗುಡಿಸುವವನೂ ಒಂದೇ ಸಾಲಿನಲ್ಲಿ ನಿಂತು ಒಂದೇ ಪಾತ್ರೆಯಿಂದ ಅದನ್ನು ಹಾಕಿಸಿಕೊಳ್ಳುತ್ತಿದ್ದರಂತೆ. ಅದನ್ನು ಕಂಡು ಈ ಮನುಷ್ಯನಿಗೆ ತಲೆ ಕೆಟ್ಟಿತು.

ಏಕೆಂದರೆ ನಮ್ಮ ಶುಕ್ರವಾರದ ಊಟದ ಪದ್ಧತಿ ಬೇರೆಯೇ ಇತ್ತು. ರಾಯರ ಹಾಲಿನಲ್ಲಿ ಎರಡು ಮೇಜು. ಸೋಫಾದ ಪಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಸಿದ್ದು ವೆಜ್ ಮೇಜು. ಬಾಲ್ಕನಿಯ ಬಾಗಿಲಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ ಪ್ಲಾಸ್ಟಿಕ್ ಹಾಸಿದ್ದು ನಾನ್‌ವೆಜ್ ಮೇಜು. ಆ ಮೇಜಿನ ಸೌಟು ಈ ಮೇಜಿಗೆ ಬರಕೂಡದು. ವೆಜ್ ಮೇಜಿನಲ್ಲೂ ರಾಯರ ಮನೆಯ ಪಾತ್ರೆಗಳು ಒಂದು ಕಡೆ, ಉಳಿದವರದ್ದು ಒಂದು ಕಡೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಆದರೆ ಎಲ್ಲರ ಕೈಗೂ ಗೊತ್ತಿತ್ತು. ಬಾಲ್ಕನಿ ಕಡೆಯ ಮೇಜಿನ ಯಜಮಾನಿ ಎರಡನೇ ಮಹಡಿಯ ಝುಬೇದಾ. ಮಂಗಳೂರು ಕಡೆಯ ಬ್ಯಾರಿ ಹೆಂಗಸು, ಅವಳ ಮೀನುಸಾರಿನ ಪರಿಮಳಕ್ಕೆ ರಾಯರೇ ಎರಡು ಸಲ ಆ ಕಡೆ ಮೂಗು ತಿರುಗಿಸುತ್ತಿದ್ದರು.

ಅಮೆರಿಕದಿಂದ ಬಂದ ಮೊದಲ ಶುಕ್ರವಾರವೇ ಇವರು ಕಬ್ಬಿಣದ ಪಾತ್ರೆ ಹೊತ್ತು ಬಂದು ಎರಡೂ ಮೇಜಿನ ನಡುವೆ ಒಂದು ಸ್ಟೂಲು ಎಳೆದು ಅದರ ಮೇಲೆ ಇಟ್ಟರು. "ನಾನು ಈ ದೇಶ ಬಿಡೋದರೊಳಗೆ ನೀವೆಲ್ಲ, ಎಲ್ಲ ಅಂದರೆ ಎಲ್ಲ, ಈ ಒಂದು ಪಾತ್ರೆಯಿಂದ ಊಟ ಮಾಡಬೇಕು. ಸಮುದ್ರ ದಾಟಿ ಬಂದು ಇಲ್ಲೂ ಬೇಲಿ ಹಾಕ್ಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗಲ್ವೇನ್ರೀ?" ಎಂದರು. ಊಟಕ್ಕೆ ಕರೆಯುವ ರೀತಿಯೇ ಇದು? ಅವರಿಗೆ ಆ ಆಸೆ ಎಷ್ಟಿತ್ತೋ ಅದನ್ನು ಕೆಡಿಸುವ ನಾಲಿಗೆಯೂ ಅಷ್ಟೇ ಇತ್ತು.

ಅಂದು ಝುಬೇದಾಳ ಮನೆಯವರೂ ತಿನ್ನಲಿಲ್ಲ, ಹಂದಿ ಇತ್ತಲ್ಲ. ಮುಂದಿನ ವಾರ ಹಂದಿ ಹೋಯಿತು. ವೆಜ್‌ನವರು ಕೋಳಿ ಎಂದರು, ಕೋಳಿ ಹೋಯಿತು. ಸಿಗಡಿ ಹೋಯಿತು. ರಾಯರು, "ಬೆಣ್ಣೆ ಯಾವ ಕಂಪನಿಯದ್ದೋ, ಒಳಗೆ ಏನು ಸೇರಿಸಿರ್ತಾರೋ" ಎಂದರು. ಬೆಣ್ಣೆಯೂ ಹೋಗಿ ಎಣ್ಣೆ ಬಂತು. ಯಾರೋ ಚೀಸಿನ ಮಾತೆತ್ತಿದರು, ಅದರಲ್ಲಿ ಚೀಸ್ ಇರಲೇ ಇಲ್ಲ, ಆದರೂ ಇವರು ಮುಚ್ಚಳದ ಮೇಲೆ ಕಾಗದ ಅಂಟಿಸಿದರು: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು ಇಲ್ಲ, ತುಪ್ಪ ಇಲ್ಲ. ಆಗ ರಾಯರ ಹೆಂಡತಿ, "ಆದರೆ ಪಾತ್ರೆ ಅದೇ ಅಲ್ವಾ? ಮೊದಲು ಅದರಲ್ಲೇ ಅಲ್ವಾ..." ಎಂದು ನಿಲ್ಲಿಸಿದರು. ಮರುವಾರ ಅಂಥದ್ದೇ ಹೊಸ ಕಬ್ಬಿಣದ ಪಾತ್ರೆ ಬಂತು, ಅಂಗಡಿಯ ಚೀಟಿ ಕೀಳದೆ.

ಹೀಗೆ ನಮ್ಮ ಒಂದೊಂದು ನೆಪವನ್ನೂ ಕಿತ್ತು ಹಾಕುತ್ತ ಹಾಕುತ್ತ ಅವರ ಗಂಬೋ ವೀಗನ್ ಆಯಿತು. ಪ್ರಾಣಿದಯೆಯೂ ಇಲ್ಲ, ಆರೋಗ್ಯದ ಚಿಂತೆಯೂ ಇಲ್ಲ. ಆ ಮನುಷ್ಯ ವಾರದ ನಡುವೆ ಹೂರಾ ಬಡಾವಣೆಯ ಹೋಟೆಲಿನಲ್ಲಿ ಮಟನ್ ಬಿರಿಯಾನಿಯನ್ನು ಮೂಳೆ ಚೀಪಿ ತಿನ್ನುತ್ತಿದ್ದುದನ್ನು ನನ್ನ ಗಂಡ ಕಣ್ಣಾರೆ ಕಂಡಿದ್ದ.

ನೆಪಗಳೆಲ್ಲ ಮುಗಿದ ಮೇಲೂ ನಾವು ತಿನ್ನಲಿಲ್ಲ. ಲೋಳೆ ಎಂದೆವು. ಅಸಿಡಿಟಿ ಎಂದೆವು. "ಇವತ್ತು ಹೊಟ್ಟೆ ತುಂಬಿಬಿಡ್ತು ಸಾರ್, ಮುಂದಿನ ವಾರ ಗ್ಯಾರಂಟಿ" ಎಂದೆವು. ತಿನ್ನುತ್ತಿದ್ದವಳು ಝುಬೇದಾ ಒಬ್ಬಳೇ. "ಮೀನಿಲ್ಲದ ಗಸಿ ಇದು ಮಾರಾಯ್ರೆ. ಎಂತದೋ ಒಂದು ಕಮ್ಮಿ ಉಂಟು. ಆದ್ರೂ ರುಚಿ ಉಂಟು" ಎನ್ನುತ್ತ ಎರಡು ಸೌಟು ಹಾಕಿಸಿಕೊಳ್ಳುವಳು. ಉಳಿದದ್ದನ್ನು ಇವರು ಕೆಳಗಿಳಿಸಿ ಕಟ್ಟಡದ ಮಾಲೀಕನಾದ ಬಹ್ರೇನಿ ಮುದುಕನಿಗೆ ಕೊಡುತ್ತಿದ್ದರು. ಅವನಿಗೆ ಬೆಂಡೆಕಾಯಿ ಎಂದರೆ ಬಾಮಿಯಾ, ಬಾಮಿಯಾ ಎಂದರೆ ಕುರಿಮಾಂಸದ ಜೊತೆ ಬೇಯುವ ವಸ್ತು. ಸೌಟು ಆಡಿಸಿ ಆಡಿಸಿ ಮಾಂಸ ಹುಡುಕಿ, ಸಿಗದೆ, ಇವರ ಬೆನ್ನು ತಟ್ಟಿ "ಮಿಸ್ಕೀನ್, ಮಿಸ್ಕೀನ್" ಎನ್ನುತ್ತಿದ್ದನಂತೆ. ಪಾಪ ಬಡವ ಎಂಬ ಅರ್ಥದಲ್ಲಿ.

ಇಲ್ಲಿ ನನ್ನ ಒಂದು ಮಾತು ಹೇಳಬೇಕು. ಇವರು ಯಾರು ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನೂ ತುಮಕೂರಿನವಳು. ನನ್ನ ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಹುಡುಗರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಲೆಕ್ಕದ ಜೊತೆ ಪಂಚಾಂಗ ನೋಡುವುದು, ಬೆರಳ ಗೆಣ್ಣಿನ ಮೇಲೆ ತಿಥಿ ಎಣಿಸುವುದು ಕೂಡ. ಹುಡುಗರೆಲ್ಲ ಜಗಲಿಯ ಮೇಲೆ, ಒಬ್ಬ ಮಾತ್ರ ಕೆಳಗಿನ ಮೆಟ್ಟಿಲ ಮೇಲೆ. ಪಾಠ ಮುಗಿದಾಗ ಅಮ್ಮ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು, ಮೆಟ್ಟಿಲಿನವನನ್ನು ಬಿಟ್ಟು. ಅವನ ಅಪ್ಪ ನಮ್ಮ ಬೀದಿಯ ತುದಿಯಲ್ಲಿ ಗೋಣಿ ಹಾಸಿಕೊಂಡು ಚಪ್ಪಲಿ ಹೊಲಿಯುತ್ತಿದ್ದ. ನಾನಾಗ ಆರೇಳು ವರ್ಷದವಳು, ಕಾಫಿ ಲೋಟಗಳ ತಟ್ಟೆ ಹಿಡಿದು ಅಮ್ಮನ ಹಿಂದೆ ನಿಲ್ಲುತ್ತಿದ್ದೆ. ಎಷ್ಟು ಲೋಟ ತರಬೇಕೆಂದು ನನಗೆ ಸರಿಯಾಗಿ ಗೊತ್ತಿತ್ತು.

ಬುಸೈತೀನಿನ ಲಿಫ್ಟಿನಲ್ಲಿ ಮೊದಲ ಸಲ ಪರಿಚಯ ಮಾಡಿಕೊಂಡಾಗ ಊರು ಹೇಳಿದೆ, ಬೀದಿ ಹೇಳಿದೆ, ಅಪ್ಪನ ಹೆಸರು ಹೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಓ, ಮೇಷ್ಟ್ರ ಮಗಳು" ಎಂದರು. ಲಿಫ್ಟಿನ ಬಾಗಿಲು ತೆರೆಯಿತು. ಆಮೇಲೆ ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿ ಗುಟ್ಟು ಕಾಪಾಡುತ್ತಿದ್ದೇನೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆ ಇತ್ತು. ಅವರು ಅದನ್ನು ಗುಟ್ಟು ಎಂದು ತಿಳಿದಿದ್ದರೇ ಎಂದು ನಾನು ಯೋಚಿಸಿದ್ದೇ ಇಲ್ಲ.

ನಾಲ್ಕನೇ ವರ್ಷದ ಚಳಿಗಾಲದಲ್ಲಿ ಮೇಲಿನ ಮಹಡಿಗೆ ಬೆಂಗಳೂರಿನಿಂದ ಹೊಸ ಸಂಸಾರ ಬಂತು. ಗಂಡ ಫೈನಾನ್ಸಿನಲ್ಲಿ, ಹೆಂಡತಿ ಸ್ಮಿತಾ. ಜೊತೆಗೆ ವಿಸಿಟ್ ವೀಸಾದಲ್ಲಿ ಸ್ಮಿತಾಳ ಅತ್ತೆ. ಮಹಾ ಮಡಿಯ ಹೆಂಗಸು. ವಿಮಾನದಲ್ಲಿ ಕೊಟ್ಟ ನೀರನ್ನೂ ಮುಟ್ಟದೆ ಬಂದವರಂತೆ. ಮೊದಲ ಶುಕ್ರವಾರ ಅವರು ಎರಡು ಬಾಳೆಹಣ್ಣು ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದರು. ಕಣ್ಣು ಸ್ಟೂಲಿನ ಮೇಲಿನ ಪಾತ್ರೆಗೆ, ಮುಚ್ಚಳದ ಕಾಗದಕ್ಕೆ ಬಿತ್ತು.

"ಇದು ಯಾರು ಮಾಡಿದ್ದು?" ಎಂದರು.

"ನಾನು" ಎಂದರು ಇವರು.

"ಹಾಲೂ ಇಲ್ಲ ಅಂತ ಬರೆದಿದೀರಿ?"

"ಇಲ್ಲ."

"ತುಪ್ಪಾನೂ ಇಲ್ಲ?"

"ಒಂದು ತೊಟ್ಟೂ ಇಲ್ಲ."

ಅತ್ತೆ ಬಾಳೆಹಣ್ಣು ಕೆಳಗಿಟ್ಟರು. "ಎಷ್ಟು ವರ್ಷದಿಂದ ಹೀಗೆ?"

"ಮೂರು ವರ್ಷ ಮೇಲಾಯ್ತು. ಇಲ್ಲಿ ಇವರನ್ನೆಲ್ಲ ನೋಡಿ ನೋಡಿ ಒಂದೊಂದೇ ಬಿಟ್ಟಿದ್ದು."

ಅವರು ಹೇಳಿದ್ದು ಪಾತ್ರೆಯ ಮಾತು. ಅತ್ತೆಗೆ ಕೇಳಿಸಿದ್ದು ತಪಸ್ಸಿನ ಮಾತು. ಮಾಂಸ ಮೀನು ಬಿಟ್ಟವರನ್ನು ಅವರು ಕಂಡಿದ್ದರು, ಈರುಳ್ಳಿ ಬಿಟ್ಟವರನ್ನು ಕಂಡಿದ್ದರು. ಹಾಲು ತುಪ್ಪವನ್ನೂ ಬಿಟ್ಟವನೆಂದರೆ ತಮಗಿಂತ ಎರಡು ಮೆಟ್ಟಿಲು ಮೇಲಿನ ಮಡಿಯವನೇ ಇರಬೇಕು, ಹೆಂಡತಿಯನ್ನು ಊರಲ್ಲಿ ಬಿಟ್ಟು ಒಬ್ಬನೇ ಅಡುಗೆ ಮಾಡಿಕೊಳ್ಳುತ್ತಾನೆಂದರೆ ಸ್ವಯಂಪಾಕದ ವ್ರತವೇ ಇರಬೇಕು ಎಂದು ಲೆಕ್ಕ ಹಾಕಿಬಿಟ್ಟರು. ಇಂಥ ತಪ್ಪನ್ನು ನಮ್ಮವರು ಬಿಟ್ಟರೆ ಭೂಮಿಯ ಮೇಲೆ ಇನ್ಯಾರೂ ಮಾಡಲಾರರು. "ನಿಮ್ಮಂಥವರು ಈ ದೇಶದಲ್ಲೂ ಇದೀರಲ್ಲ, ನಮ್ಮ ಪುಣ್ಯ" ಎಂದು ಕೈಮುಗಿದರು. ಇವರು ನನ್ನ ಕಡೆ ತಿರುಗಿ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಮುಂದಿನ ವಾರ ಸ್ಮಿತಾಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅತ್ತೆ ಖುದ್ದಾಗಿ ಹೇಳಿ ಕಳಿಸಿದರು: "ಅವರ ಕೈಯಿಂದ ಒಂದು ಅಡುಗೆ ಬರಲಿ, ಈರುಳ್ಳಿ ಬೆಳ್ಳುಳ್ಳಿ ಬೇಡ." ಈರುಳ್ಳಿ ಇಲ್ಲದ ಗಂಬೋ ಎಂದರೆ ಸಾಸಿವೆ ಇಲ್ಲದ ಒಗ್ಗರಣೆ. ಇವರು ಗೊಣಗಿಕೊಂಡೇ ಎಲೆಕೋಸು ಹೆಚ್ಚಿ ಹಾಕಿ, ಒಂದು ಚಿಟಿಕೆ ಇಂಗು ಸೇರಿಸಿ ಮಾಡಿ ತಂದರು. ಅತ್ತೆ ಮೊದಲ ಪಂಕ್ತಿಯಲ್ಲಿ ಕೂತರು. ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಆಮೇಲೆ ತಟ್ಟೆ ಮುಂದೆ ಮಾಡಿ, "ಇನ್ನೊಂದು ಸೌಟು ಹಾಕಿಪ್ಪಾ" ಎಂದರು.

ಇವರು ಬಗ್ಗಿ ಹಾಕಿದರು. ಜೀವಮಾನವಿಡೀ ಎಲ್ಲರನ್ನೂ ಮೂದಲಿಸಿದ ಆ ಬಾಯಿಂದ ಅವತ್ತು ಒಂದು ಕೊಂಕು ಮಾತೂ ಬರಲಿಲ್ಲ. ಅದನ್ನು ಕಂಡಾಗ ನನಗೆ ಪಾಪ ಅನ್ನಿಸಿತು, ಹೊಟ್ಟೆಯೂ ಉರಿಯಿತು.

ಅತ್ತೆ ತಿಂದರೆ ಇನ್ನು ಯಾರಿಗೆ ತಕರಾರು? ರಾಯರು ತಿಂದರು. ರಾಯರ ಹೆಂಡತಿ ತಿಂದು, "ನಾನು ಮೊದಲಿಂದಲೂ ಹೇಳ್ತಿದ್ದೆ, ಬಹಳ ಸಾತ್ವಿಕ ಅಡುಗೆ" ಎಂದರು. ಆಹಾ, ಹೇಳುತ್ತಿದ್ದರಂತೆ! ಆ ಚಳಿಗಾಲ ಪೂರ್ತಿ ಕಬ್ಬಿಣದ ಪಾತ್ರೆ ಶುಕ್ರವಾರ ಎರಡು ಗಂಟೆಗೆ ಖಾಲಿ. ಸ್ಟೂಲಿನಿಂದ ಅದು ಬಟ್ಟೆ ಹಾಸಿದ ಮೇಜಿಗೆ ಬಡ್ತಿ ಪಡೆಯಿತು, ರಾಯರ ಪಾತ್ರೆಗಳ ಸಾಲಿನಲ್ಲೇ. ನನ್ನ ಪುಳಿಯೋಗರೆ ಮೂಲೆಗೆ ಸರಿಯಿತು. ಮೊದಲ ವಾರ ಅರ್ಧ ಉಳಿಯಿತು, ಎರಡನೇ ವಾರ ಮುಕ್ಕಾಲು.

ನಾನೂ ತಿಂದೆ. ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಕಷ್ಟವಾದ್ದರಿಂದ ಗುಟ್ಟು ತಿಳಿದುಕೊಳ್ಳೋಣ ಎಂದು ಒಂದು ಗುರುವಾರ ಸಂಜೆ ಅವರ ಅಡುಗೆಮನೆಗೆ ಹೋದೆ. ಕಾರ್ಖಾನೆಯ ನೀಲಿ ಕವರಾಲು, ಕಣ್ಣಿಗೆ ಲ್ಯಾಬಿನ ಕನ್ನಡಕ, ಕೈಯಲ್ಲಿ ಮರದ ಚಪ್ಪಟೆ ಸೌಟು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. "ಪುಳಿಯೋಗರೆ ಸೋತಿತಾ?" ಎಂದರು. ಕುರ್ಚಿ ಎಳೆದು ಕೊಟ್ಟರು. ಒಂದು ಲೋಟ ಕಪ್ಪು ಕಾಫಿ ಮುಂದಿಟ್ಟು, "ನಿಮ್ಮನೇಲಿ ನನಗೆ ಕಾಫಿ ಸಿಕ್ಕಿಲ್ಲ. ಪರವಾಗಿಲ್ಲ, ಕುಡೀರಿ" ಎಂದರು. ನಾಲ್ಕು ವರ್ಷದಲ್ಲಿ ಆ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು. ನಾನು ಕುಡಿದೆ.

ಗಂಬೋದ ಜೀವ ಇರುವುದು ಹಿಟ್ಟು ಹುರಿಯುವುದರಲ್ಲಿ. ಎಣ್ಣೆ ಒಂದು ಬಟ್ಟಲು, ಮೈದಾ ಒಂದು ಬಟ್ಟಲು, ಸಣ್ಣ ಉರಿ, ಮುಕ್ಕಾಲು ಗಂಟೆ ಕೈ ಬಿಡದೆ ತಿರುವಬೇಕು. ಮೊದಲು ಮರಳಿನ ಬಣ್ಣ, ಆಮೇಲೆ ಹುರಿದ ಕಡಲೆಕಾಯಿಯದು, ಕೊನೆಗೆ ಹಳೇ ಬೆಲ್ಲದ ಬಣ್ಣ. ಅಲ್ಲಿಗೆ ನಿಲ್ಲಿಸಬೇಕು. ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೆ ಕಪ್ಪು ಚುಕ್ಕೆ ಬೀಳುತ್ತದೆ, ಚುಕ್ಕೆ ಬಿದ್ದರೆ ಅಷ್ಟನ್ನೂ ಚೆಲ್ಲಿ ಮೊದಲಿಂದ ಶುರು. ಸೌಟನ್ನು ನನ್ನ ಕೈಗೆ ಕೊಟ್ಟು ಅವರು ಬೆಂಡೆಕಾಯಿ ಹೆಚ್ಚತೊಡಗಿದರು. ಲೋಳೆ ಹೋಗಲು ಅದನ್ನು ಬೇರೆ ಬಾಣಲೆಯಲ್ಲಿ ಹುರಿದಿಡಬೇಕು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. "ತೆಗೀಬೇಡಿ" ಎಂದರು. ನಾನು ತೆಗೆದೆ. ಎರಡು ಮಾತಾಡಿದೆನೋ ಇಲ್ಲವೋ, ಚುಕ್ಕೆ ಬಿತ್ತು. ಬೈಗುಳಕ್ಕೆ ಕಾದು ನಿಂತೆ. ಅವರು ಹಿಟ್ಟು ಚೆಲ್ಲಿ, ಪಾತ್ರೆ ಒರೆಸಿ, ಮತ್ತೆ ಒಂದು ಬಟ್ಟಲು ಎಣ್ಣೆ ಹುಯ್ದರು.

ತಿರುವುತ್ತ ತಿರುವುತ್ತ ಅವರೇ ಮಾತು ತೆಗೆದರು. "ಅಮೆರಿಕದಲ್ಲಿ ಹೊಲಸಿಲ್ಲ ಅಂತಲ್ಲ. ಬೇಕಾದಷ್ಟಿದೆ, ಬಣ್ಣ ನೋಡೇ ಬೀದಿ ಬೇರೆ ಮಾಡಿದ್ದಾರೆ. ಆದರೆ ಆ ಕ್ಯಾಂಟೀನಲ್ಲಿ ಬಡಿಸೋಳು ಒಬ್ಬಳು ಮುದುಕಿ ಇದ್ದಳು. ಎಲ್ಲರ ತಟ್ಟೆಗೂ ಹಾಕಿದ ಮೇಲೆ, 'ನೀನು ಇನ್ನೂ ತಿಂದಿಲ್ಲ' ಅಂತ ನನ್ನ ಹುಡುಕ್ಕೊಂಡು ಬರೋಳು. ನಲವತ್ತೆಂಟು ವರ್ಷ ವಯಸ್ಸು ನನಗೆ. ಊಟಕ್ಕೆ ನನ್ನ ಹುಡುಕ್ಕೊಂಡು ಬಂದವರು, ನಮ್ಮವ್ವ ಬಿಟ್ಟರೆ, ಅವಳೇ." ಹಿಟ್ಟು ಬೆಲ್ಲದ ಬಣ್ಣಕ್ಕೆ ಬಂತು. ಹೆಚ್ಚಿದ ಎಲೆಕೋಸು, ದಪ್ಪ ಮೆಣಸಿನಕಾಯಿ, ಸೆಲರಿಯನ್ನು ಒಟ್ಟಿಗೆ ಸುರಿದರು. ಚೊಂಯ್ ಎಂದು ಹಬೆ ಎದ್ದು ಅವರ ಕನ್ನಡಕ ಮಸುಕಾಯಿತು. ಆಮೇಲೆ ನೀರು, ರಾಜ್ಮಾ, ಇಂಗು, ಹೊಗೆಯ ವಾಸನೆಯ ಕೆಂಪು ಮೆಣಸಿನ ಪುಡಿ, ಪಲಾವ್ ಎಲೆ, ಕೊನೆಗೆ ಬೆಂಡೆಕಾಯಿ. "ಸ್ಯಾಂಪಲ್" ಎನ್ನುತ್ತ ಒಂದು ಚಮಚ ನನ್ನ ಕೈಗೆ ಕೊಟ್ಟರು. ಹೇಗಿದೆ ಎಂದು ಕೇಳಿ, ಉತ್ತರ ಬರುವವರೆಗೆ ನನ್ನ ಮುಖ ನೋಡುತ್ತಲೇ ಇದ್ದರು.

ಇಷ್ಟೆಲ್ಲ ಆದ ಮೇಲೂ ನಾನು ಮಾಡಿದ್ದನ್ನು ಕೇಳಿ.

ಎರಡು ವಾರ ಕಳೆದು ಒಂದು ಶುಕ್ರವಾರ ನನ್ನ ಪುಳಿಯೋಗರೆಯ ಡಬ್ಬಿಯನ್ನು ಯಾರೂ ತೆರೆಯಲೇ ಇಲ್ಲ. ಮುಚ್ಚಳ ತೆಗೆಯದ ಡಬ್ಬಿಯನ್ನು ಹಿಡಿದು ಅಡುಗೆಮನೆಗೆ ಹೋದೆ. ಸ್ಮಿತಾ ಸಿಂಕಿನ ಮುಂದೆ ಗಂಬೋದ ಸೌಟು ತೊಳೆಯುತ್ತ, "ಅಂಕಲ್ ರಿಯಲಿ ಗ್ರೇಟ್ ಆಂಟಿ. ನಮ್ಮತ್ತೆ ಊರಿಗೆ ಫೋನ್ ಮಾಡಿದಾಗೆಲ್ಲ ಅವರದ್ದೇ ಮಾತು" ಎಂದಳು.

ನಾನು ನಕ್ಕೆ. ಬಹಳ ಪ್ರೀತಿಯ ನಗು ಅದು. "ನಮ್ಮೂರಿನವರೇ ಅಲ್ವಾ. ಅವರ ಅಪ್ಪ ನಮ್ಮ ಬೀದಿ ತುದೀಲೇ ಕೂತಿರ್ತಿದ್ರು. ಪಾಪ, ನನ್ನ ಸ್ಕೂಲ್ ಚಪ್ಪಲಿಗೆ ಎಷ್ಟು ಸಲ ಉಂಗುಷ್ಟ ಹಾಕಿಕೊಟ್ಟಿದ್ದಾರೋ" ಎಂದೆ.

ಹಳೆಯ ನೆನಪು ಹೇಳಿದೆ ಅಷ್ಟೆ, ಏನು ತಪ್ಪು? ಹಾಗೆಂದೇ ನನಗೆ ನಾನು ಹೇಳಿಕೊಂಡೆ. ಸ್ಮಿತಾಳ ಕೈ ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು. "ಓ, ಹೌದಾ? ಸೋ ಸ್ವೀಟ್" ಎಂದಳು. ಸೌಟನ್ನು ಇನ್ನೊಂದು ಸಲ, ಸೋಪು ಹಾಕಿ ತೊಳೆದಳು. ಆಮೇಲೆ ತನ್ನ ಕೈಯನ್ನೂ ತೊಳೆದಳು.

ಮುಂದಿನ ಶುಕ್ರವಾರ ಅತ್ತೆ ಕೋಣೆಯಿಂದ ಹೊರಗೇ ಬರಲಿಲ್ಲ. ವಾರದಿಂದ ಹೊಟ್ಟೆ ಸರಿಯಿಲ್ಲವಂತೆ. ಮೂರು ತಿಂಗಳು ಎರಡೆರಡು ಸೌಟು ಉಂಡ ಹೊಟ್ಟೆ. ರಾಯರಿಗೆ ಅಸಿಡಿಟಿ ಮರುಕಳಿಸಿತ್ತು. ರಾಯರ ಹೆಂಡತಿ ಮೇಜಿನ ಮೇಲೆ ಜಾಗವಿಲ್ಲವೆಂದು ಕಬ್ಬಿಣದ ಪಾತ್ರೆಯನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಇವರು ಸೌಟು ಹಿಡಿದು ನಿಂತೇ ಇದ್ದರು. ಸ್ಮಿತಾಳ ಕಡೆ ತಿರುಗಿದರು. "ಡಯಟ್ ಅಂಕಲ್" ಎಂದಳು. ರಾಯರ ಕಡೆ ತಿರುಗಿದರು. ರಾಯರು ಟೀವಿಯ ಕಡೆ ತಿರುಗಿದರು.

ಆ ಮನುಷ್ಯ ದಡ್ಡನಲ್ಲ. ಹಾಲಿನಲ್ಲಿದ್ದ ಒಂದೊಂದು ಮುಖವನ್ನೂ ಓದಿ ಕೊನೆಗೆ ನನ್ನ ಮುಂದೆ ಬಂದು ನಿಂತರು. ಆ ಊರು, ಆ ಬೀದಿ, ಆ ಗೋಣಿ ಗೊತ್ತಿದ್ದವಳು ಇನ್ಯಾರಿದ್ದಾರೆ? ಸೌಟು ತುಂಬ ಗಂಬೋ ಎತ್ತಿ, "ಮೇಷ್ಟ್ರ ಮಗಳಿಗೆ ಹಾಕಲಾ?" ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

ತಟ್ಟೆ ಮುಂದೆ ಮಾಡಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿದೆ. "ಇವತ್ತು ಏಕಾದಶಿ ಸಾರ್, ಅನ್ನ ತಿನ್ನಲ್ಲ."

ನನ್ನ ಪುಳಿಯೋಗರೆಯ ಡಬ್ಬಿ ಎದುರಿಗೇ ಇತ್ತು. ಅವರು ಅದನ್ನು ನೋಡಿದರು. ಎಡಗೈಯ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಓಡಿಸಿದರು. ನನ್ನ ಅಪ್ಪ ಜಗಲಿಯ ಮೇಲೆ ಹೇಗೆ ಎಣಿಸುತ್ತಿದ್ದರೋ ಹಾಗೆಯೇ.

"ಏಕಾದಶಿ ಮಂಗಳವಾರಾನೇ ಆಗೋಯ್ತು ಮೇಡಂ" ಎಂದರು. "ತಿಥಿ ಲೆಕ್ಕ ನನಗೆ ಕಲಿಸಿದ್ದು ನಿಮ್ಮಪ್ಪ. ತಪ್ಪಲ್ಲ."

ಸೌಟನ್ನು ಪಾತ್ರೆಗೆ ಬಗ್ಗಿಸಿದರು. ಬಾಲ್ಕನಿ ಕಡೆಯಿಂದ ಝುಬೇದಾ ತನ್ನ ಮೀನಿನ ತಟ್ಟೆ ಬಿಟ್ಟು ಎದ್ದು ಬಂದಳು. "ನನಗೆ ಹಾಕಿ ಮಾರಾಯ್ರೆ. ಇವರಿಗೆ ಎಂತ ಆಗಿದೆ ಇವತ್ತು? ಹೊಟ್ಟೆಗೆ ಹೋಗುವುದಕ್ಕೂ ವೀಸಾ ಬೇಕಾ?" ಎಂದು ಎರಡು ತಟ್ಟೆ ತಿಂದಳು, ಅವರ ಪಕ್ಕದಲ್ಲೇ ನಿಂತು. ನಾನು ಆ ಮಧ್ಯಾಹ್ನ ಏಕಾದಶಿ ಮಾಡಿದೆ. ಹೇಳಿದ ಮೇಲೆ ಮಾಡಬೇಕಲ್ಲ, ಎಲ್ಲರೆದುರು ಒಂದು ಅಗುಳೂ ತಿನ್ನದೆ ನೀರು ಕುಡಿಯುತ್ತ ಕೂತಿದ್ದೆ.

ಆಮೇಲೆ ಅವರು ಶುಕ್ರವಾರ ಬರಲಿಲ್ಲ. ಕರೆಯಲು ಯಾರೂ ಹೋಗಲಿಲ್ಲ, ನಾನಂತೂ ಹೋಗಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ "ಅಪ್ಪ ಚೆನ್ನಾಗಿದ್ದಾರಾ?" ಎಂದು ಕೇಳುತ್ತಿದ್ದರು, ನಾನು "ಹೂಂ" ಎನ್ನುತ್ತಿದ್ದೆ. ಮಳೆ ಕಾಣದ ಆ ಊರಿನಲ್ಲಿ ಹವೆಯ ಮಾತಾದರೂ ಏನು ಆಡುವುದು? ಬೇಸಿಗೆ ಮುಗಿಯುವುದರೊಳಗೆ ಕೆಲಸದ ಅವಧಿ ಮುಗಿದು ಊರಿಗೆ ಹೊರಟುಹೋದರು. ಹೋಗುವಾಗ ಕಬ್ಬಿಣದ ಪಾತ್ರೆಯನ್ನು ಝುಬೇದಾಳಿಗೆ ಕೊಟ್ಟರು. ಅವಳು ಈಗ ಅದರಲ್ಲಿ ಬಂಗುಡೆ ಗಸಿ ಮಾಡುತ್ತಾಳೆ. ಮೊನ್ನೆ ಸುದ್ದಿ ಬಂದ ಮೇಲೆ ಅವಳು ಗುಂಪಿನಲ್ಲಿ ಏನೂ ಬರೆಯಲಿಲ್ಲ. ನನಗೆ ಫೋನು ಮಾಡಿ, "ಅಳು ಬರ್ತಾ ಉಂಟು" ಎಂದಳು, ಇಟ್ಟಳು.

ಅವಳು ಫೋನು ಇಟ್ಟ ಮೇಲೆ ನಾನು ಗುಂಪು ತೆರೆದೆ. ಮುಗಿದ ಕೈಗಳು ಒಂದರ ಕೆಳಗೆ ಒಂದು ಬರುತ್ತಲೇ ಇದ್ದವು. ಏನಾದರೂ ಬರೆಯಬೇಕಿತ್ತು. ಬರೆದು ಅಳಿಸಿದೆ, ಮತ್ತೆ ಬರೆದೆ. "ಅವರ ಕೈರುಚಿ ಮರೆಯುವಂತಿಲ್ಲ" ಎಂದು ಮೊದಲು ಹಾಕಿದವಳು ನಾನೇ. ಉಳಿದವರು ಅದನ್ನೇ ನೋಡಿ ಹಾಕಿದರು.